ಏಳು ಜನ ಕೂತು ಶಿರಾಡಿ ಹತ್ತೋಕೆ 132 ಪಿಎಸ್ ಡೀಸೆಲ್ ಸಾಕಾ?

ಹಾಸನ್ ಹೈವೇ (ಪ್ರಶ್ನೆ)

ಸ್ಕಾರ್ಪಿಯೊ-ಎನ್ ಡೀಸೆಲ್ ಮ್ಯಾನ್ಯುಯಲ್ ತಗೊಳ್ಳೋ ಯೋಚನೆ. ಎಂಜಿನ್ ಅದೇ 2.2 ಲೀಟರ್, ಆದ್ರೆ ಟ್ಯೂನ್ ಎರಡು. ಝಡ್4 ಮಾಡೆಲ್‌ನ ಹಿಂಚಕ್ರ ಎಳೆಯೋ ಗಾಡಿಗೆ 132 ಪಿಎಸ್ ಶಕ್ತಿ, 300 ಎನ್‌ಎಂ ಟಾರ್ಕ್ (ತಿರುಗಿಸೋ ಬಲ). ಅದರ ಮೇಲಿನ ಮಾಡೆಲ್‌ಗೆ 175 ಪಿಎಸ್, 370 ಎನ್‌ಎಂ. ಎರಡರ ಬೆಲೆಯ ಅಂತರ ಸಣ್ಣದಲ್ಲ.

ಓಡಾಟ ಹೀಗೆ: ದಿನಾ ಹಾಸನದ ಒಳಗೇ 6–7 ಕಿ.ಮೀ., ತಿಂಗಳಿಗೆ ಎರಡು ಸಲ ಸಕಲೇಶಪುರದ ಮೇಲೆ ಮಂಗಳೂರು. ಆಗ ದೊಡ್ಡವರು ಐದು ಜನ, ಮಕ್ಕಳಿಬ್ಬರು, ಲಗೇಜು, ಎಸಿ ಸದಾ ಆನ್. ಇಷ್ಟು ಭಾರಕ್ಕೆ 132 ಸಾಕಾ, ಇಲ್ಲಾ ಘಾಟಿಯಲ್ಲಿ ಎಂಜಿನ್ ಉಸಿರು ಕಟ್ಟುತ್ತಾ?

ಲೆಕ್ಕದ ಪುಸ್ತಕ

ಪಿಎಸ್ ಅಂಕಿ ಒಂದನ್ನೇ ಹಿಡಿದ್ರೆ ತೀರ್ಮಾನ ತಪ್ಪುತ್ತೆ ಸಾರ್. ಆ 132 ಸಿಗೋದು 3,750 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಸುತ್ತೋ ಲೆಕ್ಕ). ದಿನನಿತ್ಯ ಅಲ್ಲಿವರೆಗೆ ಯಾರೂ ಮುಳ್ಳು ಏರಿಸಲ್ಲ. ನೀವು ಓಡಿಸೋ 1,500ರಿಂದ 2,500ರ ನಡುವೆ ಎಷ್ಟು ಸಿಗುತ್ತೆ ಅನ್ನೋದನ್ನ ನೋಡಬೇಕು. ಎನ್‌ಎಂ ಅಂಕಿಯನ್ನ ಆರ್‌ಪಿಎಂನಿಂದ ಗುಣಿಸಿ 7,024ರಿಂದ ಭಾಗಿಸಿದ್ರೆ ಆ ವೇಗದಲ್ಲಿನ ಪಿಎಸ್ ಬರುತ್ತೆ. ಈ ಟ್ಯೂನ್‌ನಲ್ಲಿ 300 ಎನ್‌ಎಂ 1,500ರಿಂದ 3,000ದವರೆಗೂ ಇದೆ. ಅಂದ್ರೆ 1,500ರಲ್ಲೇ 64 ಪಿಎಸ್, 2,000ದಲ್ಲಿ 85.

ಈಗ ಬೇಕಾಗೋದು ಎಷ್ಟು? ಜನ, ಸಾಮಾನು ಸೇರಿ 2,400 ಕೆಜಿ ಅಂತ ಇಟ್ಕೊಳ್ಳೋಣ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಒಂದೇ ಸಮ ಹೋಗೋಕೆ ಟೈರಿನ ಎಳೆತ, ಗಾಳಿ, ಗೇರ್‌ಬಾಕ್ಸ್ ನಷ್ಟ ಎಲ್ಲ ಸೇರಿ ಎಂಜಿನ್‌ನಿಂದ ಸುಮಾರು 35 ಪಿಎಸ್. ನೂರು ಮೀಟರಿಗೆ ಏಳು ಮೀಟರ್ ಏರೋ ಘಾಟಿಯಲ್ಲಿ 50ರಲ್ಲಿ ಹತ್ತೋಕೆ ಸುಮಾರು 46. ಎಸಿಗೆ ನಾಲ್ಕೈದು ಸೇರಿಸಿ. ಅಂದ್ರೆ ಸರಿಯಾದ ಗೇರಲ್ಲಿದ್ರೆ 2,000 ಆರ್‌ಪಿಎಂ ದಾಟದೆಯೇ ಶಿರಾಡಿ ಮುಗಿಯುತ್ತೆ, ಕೈಯಲ್ಲಿ ಇನ್ನೂ ಮೂವತ್ತು ಪಿಎಸ್ ಉಳಿದಿರುತ್ತೆ.

ಹೋಲಿಕೆಗೆ ಕ್ರೆಟಾ ನೋಡಿ. 1.5 ಸಾದಾ ಪೆಟ್ರೋಲ್ 115 ಪಿಎಸ್, ಡೀಸೆಲ್ 116. ಕಾಗದದ ಮೇಲೆ ಒಂದೇ. ಆದ್ರೆ ಟಾರ್ಕ್ 144ಕ್ಕೆ 250. 1,500ರಲ್ಲಿ ಡೀಸೆಲ್ 53 ಪಿಎಸ್ ಕೊಡುವಾಗ ಪೆಟ್ರೋಲ್‌ಗೆ 30ರ ಹತ್ತಿರವೂ ಕಷ್ಟ. ಹಾಗಾಗಿ ಪೆಟ್ರೋಲ್ ಗಾಡಿ ಓಡಿಸಿದ ಅನುಭವದಿಂದ ಡೀಸೆಲ್‌ನ ಪಿಎಸ್ ಅಳೆಯೋಕೆ ಹೋಗ್ಬೇಡಿ.

ಹಾಗಾದ್ರೆ ಆ ಹೆಚ್ಚುವರಿ 43 ಪಿಎಸ್ ಎಲ್ಲಿಗೆ ಬರುತ್ತೆ? ಓವರ್‌ಟೇಕ್‌ಗೆ, ಬಹುತೇಕ ಅದೊಂದಕ್ಕೇ. 60ರಲ್ಲಿ ಹೋಗ್ತಿರೋ ಟ್ಯಾಂಕರ್ ಹಿಂದೆ ಇದ್ದು 90ಕ್ಕೆ ಏರಿಸ್ಬೇಕು ಅಂದ್ರೆ ತುಂಬಿದ ಗಾಡಿಗೆ 132ರಲ್ಲಿ ಸುಮಾರು 8 ಸೆಕೆಂಡ್, 175ರಲ್ಲಿ ಐದೂವರೆ ಆರು. ಎರಡು ಸೆಕೆಂಡ್ ಸಣ್ಣದು ಅನ್ಸುತ್ತೆ. ಅಷ್ಟರಲ್ಲಿ ನೀವು 45 ಮೀಟರ್ ಮುಂದೆ, ಎದುರಿನ ಬಸ್ಸು 80ರಲ್ಲಿದ್ರೆ ಅದೂ 45 ಮೀಟರ್ ಈ ಕಡೆ. ಎದುರು ಬದಿ 90 ಮೀಟರ್ ಹೆಚ್ಚು ಖಾಲಿ ಇರ್ಬೇಕು. ನಾಲ್ಕು ಪಥದಲ್ಲಿ ಇದು ಲೆಕ್ಕಕ್ಕೇ ಇಲ್ಲ. ಎರಡು ಪಥದ ರಸ್ತೆಯೇ ಹೆಚ್ಚು ಅಂತಾದ್ರೆ 175ಕ್ಕೆ ಕೊಟ್ಟ ದುಡ್ಡು ವ್ಯರ್ಥ ಅಲ್ಲ. ನಿಮ್ಮ ಓಡಾಟಕ್ಕೆ 132 ಸಾಕು ಅನ್ನೋದು ನನ್ನ ಅಭಿಪ್ರಾಯ.

ಗುಂಡ್ಯ ತಿರುವು

ಲೆಕ್ಕ ಒಪ್ಪಿದೆ. ಆದ್ರೆ "ಸರಿಯಾದ ಗೇರಲ್ಲಿದ್ರೆ" ಅನ್ನೋ ಮಾತನ್ನ ಬಿಡಿಸಿ ಹೇಳ್ಬೇಕು, ಪವರ್ ಇಲ್ಲ ಅನ್ನೋ ದೂರುಗಳಲ್ಲಿ ಅರ್ಧ ಅಲ್ಲೇ ಇರೋದು. ಟರ್ಬೊ ಡೀಸೆಲ್ 1,400–1,500ರ ಕೆಳಗೆ ಬೇರೆಯೇ ಎಂಜಿನ್. ಬೂಸ್ಟ್ (ಟರ್ಬೊ ಎಂಜಿನ್‌ಗೆ ತಳ್ಳೋ ಗಾಳಿಯ ಒತ್ತಡ) ಇಲ್ಲ, ಆಕ್ಸಿಲರೇಟರ್ ಪೂರ್ತಿ ಒತ್ತಿದ್ರೂ ಒಂದೆರಡು ಸೆಕೆಂಡ್ ಏನೂ ಆಗಲ್ಲ. ಐದನೇ ಗೇರಲ್ಲಿ ಲಾರಿ ಹಿಂದೆ ನಿಧಾನ ಹೋಗ್ತಾ ಇದ್ದು ಹಾಗೇ ಒತ್ತಿದ್ರೆ ಗಾಡಿ ಗುರುಗುಟ್ಟುತ್ತೆ ಅಷ್ಟೇ. ಬಲಕ್ಕೆ ಇಂಡಿಕೇಟರ್ ಹಾಕೋ ಮುಂಚೆಯೇ ಮೂರಕ್ಕೆ ಇಳಿಸಿ, ಮುಳ್ಳು 2,000ದ ಮೇಲೆ ನಿಲ್ಲಲಿ, ಆಮೇಲೆ ಹೊರಗೆ ಬನ್ನಿ. ಮಧ್ಯದಲ್ಲಿ ಗೇರ್ ಬದಲಿಸೋ ಹಾಗೆ ಆಗ್ಬಾರ್ದು.

ಹೇರ್‌ಪಿನ್ ತಿರುವಿಗೆ, ಚಾರ್ಮಾಡಿ ಆಗ್ಲಿ ಆಗುಂಬೆ ಆಗ್ಲಿ, ತಿರುವಿನ ಮೊದಲೇ ಎರಡು, ಗಾಡಿ ತುಂಬಿದ್ರೆ ಒಂದು. ತಿರುವಿನ ಒಳಗೆ ಕ್ಲಚ್ ಒತ್ತಿ ಹಿಡಿದ್ರೆ ಬೂಸ್ಟ್ ಇಳಿದುಹೋಗುತ್ತೆ, ಮತ್ತೆ ಕಟ್ಟಿಕೊಳ್ಳೋ ಹೊತ್ತಿಗೆ ಗಾಡಿ ನಿಂತಿರುತ್ತೆ. ಅರ್ಧ ಕ್ಲಚ್‌ನಲ್ಲಿ ಎಳೆಸಿದ್ರೆ ಪ್ಲೇಟ್ ಸುಟ್ಟ ವಾಸನೆ. ಇಳಿಯುವಾಗಲೂ ಹತ್ತಿದ ಗೇರೇ ಇರಲಿ.

ಇನ್ನೊಂದು ವಿಷಯ. ಮೂರನೇ ಸಾಲು ಎತ್ತಿದ್ರೆ ಈ ಗಾಡಿಯ ಡಿಕ್ಕಿಯಲ್ಲಿ ಜಾಗ ತೀರಾ ಕಡಿಮೆ. ನಿಮ್ಮ ಲಗೇಜು ಕ್ಯಾರಿಯರ್ ಮೇಲೆ ಹೋಗುತ್ತೆ. ಎತ್ತರದಲ್ಲಿ ಗಾಳಿಗೆ ಒಡ್ಡಿದ ಆ ಗಂಟು 80 ದಾಟಿದ ಮೇಲೆ ಮೈಲೇಜನ್ನೂ ಎಳೆತವನ್ನೂ ತಿನ್ನುತ್ತೆ, ತಿರುವಲ್ಲಿ ಗಾಡಿ ವಾಲೋದು ಬೇರೆ. ಭಾರದ್ದನ್ನ ಒಳಗೆ ಕೆಳಗಿಡಿ, ಹಗುರದ್ದು ಮಾತ್ರ ಮೇಲೆ, ಟಾರ್ಪಾಲು ಬಿಗಿಯಾಗಿ.

ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗ್ಬೇಡಿ. ಮನೆಯವರನ್ನೆಲ್ಲ ಕೂರಿಸಿ, ಎಸಿ ಹಾಕಿ, ಮೂರು ಪರೀಕ್ಷೆ ಮಾಡಿ. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ. ಎರಡನೇ ಗೇರಲ್ಲಿ 10 ಕಿ.ಮೀ. ವೇಗದಿಂದ ಮೆಲ್ಲಗೆ ಎಳೆಸಿ, ನಡುಗದೆ ಎದ್ದರೆ ಊರೊಳಗೆ ಸುಖ. ಮೂರನೇ ಗೇರಲ್ಲಿ 40ರಿಂದ 80 ಎಷ್ಟು ಸೆಕೆಂಡ್ ಅಂತ ಪಕ್ಕದವರು ಮೊಬೈಲಲ್ಲಿ ಅಳೆಯಲಿ. ಎರಡೂ ಟ್ಯೂನ್‌ಗೆ ಒಂದೇ ದಿನ, ಒಂದೇ ರಸ್ತೆ.

ಹಾಸನ್ ಹೈವೇ

ತುಂಬಾ ಉಪಕಾರ ಆಯ್ತು ಇಬ್ಬರಿಗೂ. ದಿನಾ 6–7 ಕಿ.ಮೀ. ಅಂದಿದ್ದಕ್ಕೆ ಯಾರೂ ಏನೂ ಹೇಳ್ಲಿಲ್ಲ. ಅದರಿಂದ ತೊಂದರೆ ಇದೆಯಾ?

ಪಾನಾ ನಂ. 10

ನಿಮ್ಮ ವಿಷಯದಲ್ಲಿ ನಿಜವಾದ ಪ್ರಶ್ನೆ ಅದೇ ಸ್ವಾಮಿ. ಬಿಎಸ್6 ಡೀಸೆಲ್‌ನಲ್ಲಿ ಹೊಗೆಯ ಮಸಿ ಹಿಡಿಯೋಕೆ ಡಿಪಿಎಫ್ ಅನ್ನೋ ಫಿಲ್ಟರ್ ಇರುತ್ತೆ. ಅದು ತುಂಬಿದಾಗ ಎಂಜಿನ್ ಹೆಚ್ಚು ಡೀಸೆಲ್ ಚಿಮ್ಮಿಸಿ, ಸುಮಾರು 600 ಡಿಗ್ರಿಗೆ ಕಾಯಿಸಿ, ಮಸಿಯನ್ನ ಸುಡುತ್ತೆ. ಅದಕ್ಕೆ ಹತ್ತು ಹದಿನೈದು ನಿಮಿಷ ಬಿಡದೆ ಓಡ್ಬೇಕು. ಆರು ಕಿಲೋಮೀಟರ್‌ನಲ್ಲಿ ಎಂಜಿನ್ ಸರಿಯಾಗಿ ಬಿಸಿಯೇ ಆಗಿರಲ್ಲ, ಸುಡೋ ಕೆಲಸ ಶುರುವಾಗೋ ಹೊತ್ತಿಗೆ ನೀವು ಕೀ ತೆಗೆದಿರ್ತೀರಿ. ನಾಲ್ಕೈದು ಸಲ ಹೀಗಾದ್ರೆ ಲೈಟ್ ಬರುತ್ತೆ, ಆಮೇಲೆ ಗಾಡಿ ತಾನೇ ಪವರ್ ಇಳಿಸಿಕೊಳ್ಳುತ್ತೆ. ಆಗ 132 ಇದ್ರೂ ಅಷ್ಟೇ, 175 ಇದ್ರೂ ಅಷ್ಟೇ.

ಸುಡ್ತಾ ಇದೆ ಅಂತ ಗೊತ್ತಾಗೋದು ಹೇಗೆ: ನಿಂತಾಗ ಐಡಲ್ ಸ್ವಲ್ಪ ಮೇಲಿರುತ್ತೆ, ಫ್ಯಾನ್ ಜೋರಾಗಿ ತಿರುಗುತ್ತೆ, ಕಾದ ಕಬ್ಬಿಣದ ಥರ ವಾಸನೆ. ಆಗ ಆಫ್ ಮಾಡ್ಬೇಡಿ, ಇನ್ನೊಂದು ಸುತ್ತು ಹೋಗಿ ಬನ್ನಿ. ಲೈಟ್ ಬಂದಿದ್ರೆ ಹೈವೇಗೆ ಹೋಗಿ, ಒಂದು ಗೇರ್ ಕಡಿಮೆ ಇಟ್ಟು 2,000ದ ಮೇಲೆ 20 ನಿಮಿಷ. ನೀವು ವಾರಕ್ಕೊಂದು ಸಲ ಸಕಲೇಶಪುರದವರೆಗೆ ಹೋಗಿ ಬಂದ್ರೂ ಸಾಕು. ಅದಾಗಲ್ಲ ಅಂದ್ರೆ ಪೆಟ್ರೋಲ್ ತಗೊಳ್ಳಿ, ಖಡಾಖಂಡಿತವಾಗಿ ಹೇಳ್ತೀನಿ.

ಡಿಪ್‌ಸ್ಟಿಕ್ (ಎಂಜಿನ್ ಆಯಿಲ್ ಅಳೆಯೋ ಕಡ್ಡಿ) ತಿಂಗಳಿಗೊಮ್ಮೆ ನೋಡಿ. ಬೆಳಿಗ್ಗೆ ತಣ್ಣಗಿದ್ದಾಗ, ಸಮ ನೆಲದಲ್ಲಿ, ಒರೆಸಿ ಮತ್ತೆ ಅದ್ದಿ. ಆಯಿಲ್ ಮೇಲಿನ ಗೆರೆ ದಾಟಿದ್ರೆ, ಬೆರಳಲ್ಲಿ ತಿಕ್ಕಿದಾಗ ನೀರುನೀರಾಗಿ ಡೀಸೆಲ್ ವಾಸನೆ ಬಂದ್ರೆ, ಅರ್ಧಕ್ಕೆ ನಿಂತ ಸುಡುವಿಕೆಯ ಡೀಸೆಲ್ ಕೆಳಗಿನ ಆಯಿಲ್ ಸಂಪ್‌ಗೆ ಇಳಿದಿದೆ. ಕಿಲೋಮೀಟರ್ ಆಗಿಲ್ಲ ಅಂತ ಕಾಯದೆ ಆಯಿಲ್ ಬದಲಾಯಿಸಿ. ಅದೂ ಡಿಪಿಎಫ್‌ಗೆ ಹೇಳಿರೋ ಕಡಿಮೆ ಬೂದಿಯ ಆಯಿಲ್, ಮ್ಯಾನ್ಯುಯಲ್ ಪುಸ್ತಕದಲ್ಲಿ ಬರೆದಿರೋ ಗ್ರೇಡೇ ಆಗ್ಬೇಕು. ಡಿಪಿಎಫ್‌ನಲ್ಲಿ ಮಸಿ ಸುಟ್ಟುಹೋಗುತ್ತೆ, ಆಯಿಲ್‌ನ ಬೂದಿ ಹೋಗಲ್ಲ.

ಮುಂದೆ ಯಾವತ್ತಾದ್ರೂ "ಮೊದಲಿನ ಎಳೆತ ಇಲ್ಲ" ಅನ್ಸಿದ್ರೆ ಟರ್ಬೊ ಬಿಚ್ಚೋಕೆ ಬಿಡ್ಬೇಡಿ. ಅಗ್ಗದ್ದರಿಂದ ಶುರು ಮಾಡಿ. ಏರ್ ಫಿಲ್ಟರ್. ಡೀಸೆಲ್ ಫಿಲ್ಟರ್, ಅದರ ಕೆಳಗಿನ ನೀರು. ಆಮೇಲೆ ಇಂಟರ್‌ಕೂಲರ್ (ಟರ್ಬೊ ಗಾಳಿ ತಣಿಸೋ ಭಾಗ) ಹೋಸ್‌ಗಳು: ಕ್ಲಿಪ್ ಹತ್ತಿರ ಹೊಸದಾಗಿ ಎಣ್ಣೆ ಜಿನುಗಿದ ಗುರುತು, ಆಕ್ಸಿಲರೇಟರ್ ಒತ್ತಿದಾಗ "ಸುಸ್" ಸದ್ದು, ಹಿಂದೆ ಕಪ್ಪು ಹೊಗೆ ಮೂರೂ ಇದ್ರೆ ಹೋಸ್ ಸೀಳಿದೆ. ಟರ್ಬೊ ಹೋಗಿದೆ ಅಂತ ಕೈಬಿಟ್ಟ ಎಷ್ಟೋ ಗಾಡಿ ಒಂದು ಕ್ಲಿಪ್‌ಗೆ ಸರಿಯಾಗುತ್ತೆ. ಕ್ಲಚ್ ಪರೀಕ್ಷೆಗೆ ನಾಲ್ಕನೇ ಗೇರಲ್ಲಿ 50ರಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. ಮುಳ್ಳು ಏರಿ ವೇಗ ಏರದಿದ್ರೆ ಪ್ಲೇಟ್ ಜಾರ್ತಿದೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ ನಾಲ್ಕೂ ರಿಮ್ ಹತ್ತಿರ ಕೈ ಹಿಡಿದು ನೋಡಿ, ಒಂದು ಮಾತ್ರ ಜಾಸ್ತಿ ಕಾದಿದ್ರೆ ಬ್ರೇಕ್ ಹಿಡಿದಿದೆ.

ಸ್ಕ್ಯಾನರ್ (ಎಂಜಿನ್ ಕಂಪ್ಯೂಟರ್ ಓದೋ ಸಾಧನ) ಹಾಕಿದ್ರೆ ಎಂಜಿನ್ ಕೇಳಿದ ಬೂಸ್ಟ್ ಎಷ್ಟು, ಸಿಕ್ಕಿದ್ದು ಎಷ್ಟು ಅಂತ ಪಕ್ಕಪಕ್ಕ ನೋಡಿ. ಕೀ ಆನ್, ಎಂಜಿನ್ ಆಫ್ ಇದ್ದಾಗ ಒತ್ತಡ 90 ಕಿಲೋಪಾಸ್ಕಲ್ ತೋರಿಸ್ತು ಅಂತ ಸೆನ್ಸರ್ ಬದಲಾಯಿಸ್ಬೇಡಿ. ಹಾಸನ, ಬೆಂಗಳೂರಿನ ಎತ್ತರಕ್ಕೆ ಅದು ಸರಿಯಾದ ಅಂಕಿ, 101 ಬರೋದು ಮಂಗಳೂರಲ್ಲಿ.

ಲೆಕ್ಕದ ಪುಸ್ತಕ

ಡಿಪಿಎಫ್ ಮಾತು ನಾನೇ ಹೇಳ್ಬೇಕಿತ್ತು, ಅವರು ಹೇಳಿದ್ದು ಪೂರ್ತಿ ಸರಿ. ಒಂದು ಸೇರಿಸ್ತೀನಿ: 132 ತಗೊಂಡು ಆಮೇಲೆ ರೀಮ್ಯಾಪ್ (ಎಂಜಿನ್ ಕಂಪ್ಯೂಟರ್‌ನ ಸಾಫ್ಟ್‌ವೇರ್ ಬದಲಿಸೋದು) ಮಾಡಿಸಿ 175 ಮಾಡ್ಕೊಳ್ಳೋಣ ಅನ್ನೋ ಸಲಹೆ ನಿಮಗೆ ಬಂದೇ ಬರುತ್ತೆ. ಬೇಡ. ವಾರಂಟಿ ಕೈಬಿಡುತ್ತೆ, ಡೀಸೆಲ್ ಹೆಚ್ಚು ಚಿಮ್ಮಿಸಿದಷ್ಟೂ ಮಸಿ ಹೆಚ್ಚಿ ಡಿಪಿಎಫ್ ಬೇಗ ತುಂಬುತ್ತೆ, ಕ್ಲಚ್ ಮೇಲೂ ಹೊರೆ. ಹೆಚ್ಚಿನ ಶಕ್ತಿ ಬೇಕಿದ್ರೆ ಶೋರೂಮಲ್ಲೇ ತಗೊಳ್ಳಿ.

ಹಾಸನ್ ಹೈವೇ

ಶನಿವಾರ ಮನೆಯವರನ್ನೆಲ್ಲ ಕೂರಿಸ್ಕೊಂಡು ಎರಡೂ ಓಡಿಸಿ ನೋಡ್ತೀವಿ. 40ರಿಂದ 80ರ ಅಂಕಿ ಇಲ್ಲೇ ಹಾಕ್ತೀನಿ. ಜೊತೆಗೆ ಪೆಟ್ರೋಲ್ ಆಟೋಮ್ಯಾಟಿಕ್ ಒಂದನ್ನೂ ಕೇಳಿದ್ದೀನಿ.