ನಾರ್ವೆಯಲ್ಲಿ ಒಬ್ಬಳೇ ತಿರುಗುವಾಗ ದಿನಚರಿಯನ್ನು ಅಂದಂದೇ ಪ್ರಕಟಿಸಬೇಕೇ, ತಡೆದು ಪ್ರಕಟಿಸಬೇಕೇ?

ಘಟ್ಟದ ಮೇಲಿನವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಆಗಸ್ಟ್ ಕೊನೆಯ ವಾರದಿಂದ ಹದಿನೆಂಟು ದಿನ ನಾನು ನಾರ್ವೆಯಲ್ಲಿ ಒಬ್ಬಳೇ ಇರುತ್ತೇನೆ. ಓಸ್ಲೋದಿಂದ ಬೆರ್ಗೆನ್ ಕಡೆಗೆ ಹೋಗುವ ರೈಲಿನಲ್ಲಿ ಹೊರಟು, ನಡುದಾರಿಯಲ್ಲಿ 1,222 ಮೀಟರ್ ಎತ್ತರದ ಫಿನ್ಸೆ ನಿಲ್ದಾಣದಲ್ಲಿ ಇಳಿದು, ಅಲ್ಲಿ ಎರಡು ದಿನ ಬೆಟ್ಟದ ನಡಿಗೆ ಮುಗಿಸಿಕೊಂಡು ಬೆರ್ಗೆನ್ ಸೇರುವುದು, ಆಮೇಲೆ ವಿಮಾನದಲ್ಲಿ ಉತ್ತರದ ಬೂಡೊ ಪಟ್ಟಣಕ್ಕೆ ಹೋಗಿ ಅಲ್ಲಿಂದ ಹಡಗಿನಲ್ಲಿ ಲೋಫೋಟೆನ್ ದ್ವೀಪಗಳಿಗೆ ದಾಟುವುದು ಎಂದು ಯೋಜನೆ. ವೀಸಾ, ವಿಮೆ, ಟಿಕೆಟ್ಟುಗಳ ಕೆಲಸ ಆಗಿದೆ. ಅವುಗಳ ಮಾತು ಇಲ್ಲಿ ಬೇಡ.

ನನ್ನ ಪ್ರಶ್ನೆ ದಿನಚರಿಯದು. ಹನ್ನೆರಡು ವರ್ಷಗಳಿಂದ ನೋಟ್‌ಬುಕ್ಕಿನಲ್ಲಿ ದಿನಚರಿ ಬರೆಯುವ ಅಭ್ಯಾಸ ನನಗಿದೆ. ಈ ಸಲ ಅದನ್ನೇ ಕನ್ನಡದಲ್ಲಿ ಒಂದು ಸಣ್ಣ ಜಾಲತಾಣ ಮಾಡಿಕೊಂಡು ಬರೆಯೋಣ ಎಂದುಕೊಂಡಿದ್ದೇನೆ. ಓದುವವರು ಅಮ್ಮ, ಇಬ್ಬರು ಚಿಕ್ಕಮ್ಮಂದಿರು, ಮೂವತ್ತು ನಲವತ್ತು ಮಂದಿ ಹಳೆಯ ವಿದ್ಯಾರ್ಥಿಗಳು, ಮತ್ತು ಅವರೆಲ್ಲ ಯಾರು ಯಾರಿಗೆ ಕಳುಹಿಸುತ್ತಾರೋ ಅವರು. ಅಮ್ಮನಿಗೆ ದಿನವೂ ಓದಲು ಏನಾದರೂ ಬೇಕು. ಒಂಟಿಯಾಗಿ ಹೋದ ಹೆಂಗಸು ಇವತ್ತು ತಾನು ಎಲ್ಲಿ ಮಲಗಿದ್ದೇನೆ ಎಂಬುದನ್ನು ಊರಿಗೆಲ್ಲ ಡಂಗುರ ಹೊಡೆಯುವುದು ಸರಿಯೇ ಎಂದು ಅಣ್ಣ ಕೇಳುತ್ತಾನೆ. ಅವನ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಇನ್ನೊಂದು ಅನುಮಾನವೂ ಇದೆ. ದಿನವಿಡೀ ನಡೆದು ದಣಿದ ಮೇಲೆ ನಾಲ್ಕು ಜನ ಓದುವಂತೆ ಬರೆಯುವುದು ಆಗುವ ಮಾತೇ, ಅಥವಾ ಬರೆಯುವ ಚಿಂತೆಯಲ್ಲಿ ನೋಡಬೇಕಾದದ್ದೇ ತಪ್ಪಿಹೋಗುತ್ತದೆಯೇ? ಹೀಗೆ ಬರೆದವರು, ಅಲ್ಲಿ ನೆಲೆಸಿದವರು ದಯವಿಟ್ಟು ತಿಳಿಸಬೇಕು.

ಟ್ರೊನ್‌ಹೈಮ್ ವಾಸಿ ಬರೆದದ್ದು:

ನಮಸ್ಕಾರ ಮೇಡಂ. ನಾನು ಒಂಬತ್ತು ವರ್ಷಗಳಿಂದ ಟ್ರೊನ್‌ಹೈಮ್‌ನಲ್ಲಿ ನೆಲೆಸಿದ್ದೇನೆ, ರಜೆ ಸಿಕ್ಕಾಗಲೆಲ್ಲ ಬೆಟ್ಟ ಹತ್ತುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಕೆಲಸಗಳು ಕಲೆತುಹೋಗಿವೆ ಎಂದು ನನಗೆ ಅನ್ನಿಸುತ್ತದೆ. ನಾನು ಇಂಥ ಕಡೆ ಇದ್ದೇನೆ, ಕ್ಷೇಮವಾಗಿದ್ದೇನೆ ಎಂದು ತಿಳಿಸುವುದು ಒಂದು ಕೆಲಸ. ಕಂಡದ್ದನ್ನು ಬರೆಯುವುದು ಇನ್ನೊಂದು. ಮೊದಲನೆಯದು ತಡವಾದರೆ ಅಪಾಯ, ಎರಡನೆಯದು ತಡವಾದರೆ ನಷ್ಟವಿಲ್ಲ. ಒಂದೇ ಜಾಲತಾಣದಿಂದ ಎರಡನ್ನೂ ಮಾಡಿಸಲು ಹೋದರೆ ಎರಡೂ ಕೆಡುತ್ತವೆ.

ಈ ದೇಶದ ಬೆಟ್ಟಗಳಲ್ಲಿ ಮೊದಲ ಕೆಲಸಕ್ಕೆ ಒಂದು ಹಳೆಯ ವ್ಯವಸ್ಥೆ ಇದೆ. 1868ರಲ್ಲಿ ಹುಟ್ಟಿದ ಇಲ್ಲಿನ ಪ್ರವಾಸಿ ಸಂಘವನ್ನು ಎಲ್ಲರೂ ಡಿ.ಎನ್.ಟಿ. ಎಂದು ಕರೆಯುತ್ತಾರೆ. ಫಿನ್ಸೆಯ ಸುತ್ತಮುತ್ತ ಕಲ್ಲುಗುಪ್ಪೆಗಳ ಮೇಲೆ ಕೆಂಪು ಬಣ್ಣದಲ್ಲಿ ಬರೆದ ಇಂಗ್ಲಿಷಿನ 'ಟೀ' ಅಕ್ಷರವನ್ನು ನೀವು ನೋಡುತ್ತೀರಿ. ದಾರಿ ತೋರಿಸುವ ಆ ಗುರುತು ಈ ಸಂಘದ್ದು. ನಡಿಗೆಯವರು ತಂಗುವ ಅದರ ಮನೆಗಳಿಗೆ ಇಲ್ಲಿನವರು 'ಹ್ಯುತ್ತೆ' ಎನ್ನುತ್ತಾರೆ. (ನಮ್ಮ ಹುತ್ತಕ್ಕೂ ಇದಕ್ಕೂ ನೆಂಟಸ್ತಿಕೆಯಿಲ್ಲ, ಆದರೆ ಹಿಮಗಾಳಿಯಲ್ಲಿ ಒಳಗೆ ನುಸುಳಿದಾಗ ಹಾಗೆ ಅನ್ನಿಸುವುದುಂಟು.) ಅಲ್ಲಿ ಒಂದು ದಪ್ಪ ಪುಸ್ತಕ ಇಟ್ಟಿರುತ್ತಾರೆ. ಬಂದವರು ತಮ್ಮ ಹೆಸರು, ಎಲ್ಲಿಂದ ಬಂದದ್ದು, ನಾಳೆ ಎಲ್ಲಿಗೆ ಹೋಗುವುದು ಎಂಬುದನ್ನು ಅದರಲ್ಲಿ ಬರೆಯಬೇಕು. ಯಾರಾದರೂ ಹೇಳಿದ ಕಡೆ ತಲುಪದಿದ್ದರೆ ಹುಡುಕಲು ಹೊರಟವರಿಗೆ ಆ ಸಾಲು ದಾರಿ ತೋರಿಸುತ್ತದೆ. ಕೊನೆಯ ಅಂಕಣದಲ್ಲಿ ಮನಸ್ಸಿಗೆ ಬಂದದ್ದನ್ನೂ ಬರೆಯಬಹುದು. ಮೂರು ದಿನ ಮಂಜು ಕವಿದಿದ್ದಾಗ ಯಾರೋ "ಇಲ್ಲಿ ಬೆಟ್ಟವಿದೆಯಂತೆ" ಎಂದಷ್ಟೇ ಬರೆದು ಹೋದದ್ದನ್ನು ನಾನು ಓದಿದ್ದೇನೆ. ನೀವು ಆ ಪುಸ್ತಕದಲ್ಲಿ ತಪ್ಪದೆ ಬರೆಯಿರಿ, ಕನ್ನಡದಲ್ಲಿ ಒಂದು ಸಾಲು ಸೇರಿಸಿ, ಆದರೆ ಹೆಸರು ಮತ್ತು ಮುಂದಿನ ತಾಣ ಮಾತ್ರ ಅವರಿಗೆ ಓದಲು ಬರುವ ಲಿಪಿಯಲ್ಲಿರಲಿ.

ಬೆಟ್ಟಕ್ಕೆ ಹೋಗುವವರಿಗಾಗಿ ಇಲ್ಲಿ ಒಂಬತ್ತು ನಿಯಮಗಳಿವೆ. ನಡಿಗೆಯನ್ನು ಮೊದಲೇ ಯೋಜಿಸಿ, ಯಾವ ದಾರಿಯಲ್ಲಿ ಹೋಗುತ್ತೇನೆಂದು ಯಾರಿಗಾದರೂ ಹೇಳಿ ಹೊರಡಬೇಕು ಎಂಬುದು ಮೊದಲನೆಯದು. ಸಕಾಲದಲ್ಲಿ ಹಿಂದಿರುಗು, ಹಿಂದಿರುಗುವುದರಲ್ಲಿ ನಾಚಿಕೆಯಿಲ್ಲ ಎಂಬ ಎಂಟನೆಯ ನಿಯಮವನ್ನು ಇಲ್ಲಿಯ ಮಕ್ಕಳೂ ಬಾಯಿಪಾಠ ಹೇಳುತ್ತಾರೆ. ದಿನಚರಿ ಬರೆಯುವವರಿಗೆ ನಾನು ಇದನ್ನೇ ಒತ್ತಿ ಹೇಳುವುದು. ನಾಳೆ ಇಂಥ ಶಿಖರ ಹತ್ತುತ್ತೇನೆ ಎಂದು ಹಿಂದಿನ ರಾತ್ರಿಯೇ ಪ್ರಕಟಿಸಿಬಿಟ್ಟರೆ, ಬೆಳಿಗ್ಗೆ ಮೋಡ ಇಳಿದಾಗ ಓದುಗರ ಮುಖ ನೆನಪಾಗಿ ಕಾಲು ಮುಂದಕ್ಕೇ ಹೋಗುತ್ತದೆ. ಆದ್ದರಿಂದ ನಾಳೆಯ ವಿಷಯವನ್ನು ಬರೆಯಲೇಬೇಡಿ. ಆಸ್ಪತ್ರೆಯ ತುರ್ತಿಗೆ 113, ಪೊಲೀಸರಿಗೆ 112, ಬೆಂಕಿಗೆ 110. ಈ ಮೂರನ್ನೂ ನೋಟ್‌ಬುಕ್ಕಿನ ರಟ್ಟಿನ ಒಳಬದಿಯಲ್ಲಿ ಬರೆದಿಡಿ.

ಅಲೆಮಾರಿ ಅಂಚೆ ಬರೆದದ್ದು:

ನಾನೂ ಒಬ್ಬಳೇ ಹೋಗಿದ್ದೆ, ಲೋಫೋಟೆನ್‌ಗೇ, ಜೂನ್ ತಿಂಗಳಿನಲ್ಲಿ. ಹದಿನಾಲ್ಕು ದಿನ ಬರೆದೆ, ಅಂದಂದೇ ಪ್ರಕಟಿಸಿದೆ, ಐದನೆಯ ದಿನ ಪೆಟ್ಟು ತಿಂದೆ. ಅದನ್ನೇ ಮೊದಲು ಹೇಳುತ್ತೇನೆ.

1957ರ ಒಂದು ಕಾನೂನಿನ ಪ್ರಕಾರ ಅಲ್ಲಿ ಸಾಗುವಳಿಯಿಲ್ಲದ ಬಯಲಿನಲ್ಲಿ ಯಾರು ಬೇಕಾದರೂ ನಡೆದಾಡಬಹುದು, ಜನರಿರುವ ಮನೆಯಿಂದ 150 ಮೀಟರ್ ದೂರದಲ್ಲಿ ಡೇರೆಯನ್ನೂ ಹಾಕಬಹುದು. ಹಾಗೆ ಒಂದು ಮರಳು ದಂಡೆಯಲ್ಲಿ ಡೇರೆ ಹಾಕಿ, ಆ ಸಂಜೆಯೇ ಡೇರೆಯ ಹಿಂದಿನ ಬೆಟ್ಟ ಕಾಣುವ ಚಿತ್ರದೊಂದಿಗೆ, ಇಡೀ ದಂಡೆಯಲ್ಲಿ ನಾನೊಬ್ಬಳೇ ಎಂದು ಸಂಭ್ರಮದಿಂದ ಬರೆದೆ. ಮರುದಿನ ಬೆಳಿಗ್ಗೆ ಹಾಲಿಲ್ಲದ ಚಹಾ ಕುದಿಸುತ್ತಿದ್ದಾಗ ಯಾರೋ ಒಬ್ಬ ಭಾರತೀಯ ಪ್ರವಾಸಿ ನಗುತ್ತ ಬಂದು, "ನೀವು ಬರೆದದ್ದನ್ನು ಗೆಳೆಯರೊಬ್ಬರು ಕಳುಹಿಸಿದರು, ಚಿತ್ರದಲ್ಲಿದ್ದ ಬೆಟ್ಟ ನೋಡಿ ಜಾಗ ಗುರುತು ಹಿಡಿದೆ" ಎಂದರು. ಒಳ್ಳೆಯ ಮನುಷ್ಯನೇ ಇರಬೇಕು, ಹತ್ತು ನಿಮಿಷ ಮಾತಾಡಿ ಹೊರಟುಹೋದರು. ಆದರೆ ಒಲೆಯ ಮೇಲಿದ್ದ ಚಹಾ ಪೂರ್ತಿ ಆರಿಹೋಗುವವರೆಗೆ ನಾನು ಅದನ್ನು ಮುಟ್ಟಲಿಲ್ಲ. ನಾರ್ವೆ ಸುರಕ್ಷಿತ ದೇಶ ಎನ್ನುವ ಮಾತು ನಿಜ. ನಿಮ್ಮ ಬರಹ ಓದುವವರೆಲ್ಲ ನಾರ್ವೆಯವರೇ ಆಗಿರುವುದಿಲ್ಲ ಎನ್ನುವುದೂ ಅಷ್ಟೇ ನಿಜ. ಅಂದಿನಿಂದ ಒಂದು ಕಟ್ಟುಪಾಡು ಮಾಡಿಕೊಂಡೆ. ಒಂದು ಜಾಗವನ್ನು ಬಿಟ್ಟು ಮುಂದಿನ ಜಾಗದಲ್ಲಿ ಒಂದು ರಾತ್ರಿ ಕಳೆದ ಮೇಲೆಯೇ ಹಿಂದಿನದರ ಬರಹ ಹೊರಗೆ ಹೋಗಬೇಕು. ಫೋನಿನ ಕ್ಯಾಮೆರಾದಲ್ಲಿ ಸ್ಥಳ ದಾಖಲಿಸುವ ವ್ಯವಸ್ಥೆಯನ್ನೂ ಆರಿಸಿಡಿ. ಇಲ್ಲದಿದ್ದರೆ ನೀವು ಊರಿನ ಹೆಸರು ಬರೆಯದಿದ್ದರೂ ಚಿತ್ರದ ಕಡತದೊಳಗೆ ಅಕ್ಷಾಂಶ ರೇಖಾಂಶ ಕುಳಿತಿರುತ್ತದೆ.

ತಡ ಮಾಡಿದ್ದರಿಂದ ಬರಹವೂ ಸುಧಾರಿಸಿತು. ಮೊದಲ ನಾಲ್ಕು ದಿನದ್ದನ್ನು ಈಗ ಓದಿದರೆ 'ಅದ್ಭುತ' ಎಂಬ ಪದ ಎಣಿಸಲಾರದಷ್ಟು ಸಲ ಸಿಗುತ್ತದೆ. ಎರಡು ದಿನ ಕಳೆದ ಮೇಲೆ ಅದ್ಭುತವೆಲ್ಲ ಇಳಿದು, ಮರದ ಅಟ್ಟಣಿಗೆಗಳಲ್ಲಿ ಬಾಲಕ್ಕೆ ಬಾಲ ಕಟ್ಟಿ ನೇತುಹಾಕಿದ, ಕಾಡ್ ಎಂಬ ಕಡಲ ಮೀನು ಉಳಿಯುತ್ತದೆ. ಉಪ್ಪು ಹಾಕದೆ ಬರೀ ಚಳಿಗಾಳಿಗೇ ಆ ಮೀನು ಒಣಗುತ್ತದೆ, ತಲೆಗಳನ್ನು ಬೇರೆಯಾಗಿ ಪೋಣಿಸಿ ಒಣಗಿಸಿ ನೈಜೀರಿಯಾಕ್ಕೆ ಕಳುಹಿಸುತ್ತಾರೆ. ನೀವು ಹೋಗುವಾಗ ಅಟ್ಟಣಿಗೆಗಳು ಖಾಲಿಯಿರುತ್ತವೆ, ಏಕೆಂದರೆ ಹಾಕುವುದು ಚಳಿಗಾಲದ ಕೊನೆಗೆ, ಇಳಿಸುವುದು ಬೇಸಗೆ ಕಾಲಿಡುವಾಗ.

ಬರೆಯುವ ವಿಧಾನದ ಬಗ್ಗೆ: ಜೇಬಿನಲ್ಲಿ ಹಿಡಿಯುವ ಸಣ್ಣ ಪುಸ್ತಕ, ಒಂದು ಪೆನ್ಸಿಲ್. ಚಳಿಗೆ ಬಾಲ್‌ಪೆನ್ನು ಕೈಕೊಡುತ್ತದೆ, ಪೆನ್ಸಿಲ್ ಕೊಡುವುದಿಲ್ಲ. ದಾರಿಯಲ್ಲಿ ವಾಕ್ಯ ಬರೆಯಲು ಹೋಗಬೇಡಿ, ಪದಗಳನ್ನಷ್ಟೇ ಗೀಚಿಕೊಳ್ಳಿ. "ಕೆಂಪು ದೋಣಿಮನೆ, ಬಾಗಿಲ ಬಳಿ ಹಳದಿ ಗಂಬೂಟು, ಮಗುವಿನದು" ಎಂದು ಆರೇಳು ಪದ ಇದ್ದರೆ ಸಂಜೆ ಅದರಿಂದ ಒಂದು ಪುಟ ಎಳೆಯಬಹುದು. ನಾನು ನೇರವಾಗಿ ಒಂದು ಆ್ಯಪ್‌ನಲ್ಲಿ ಬರೆಯುತ್ತಿದ್ದೆ. ಹಡಗಿನಲ್ಲಿ ನೆಟ್‌ವರ್ಕ್ ಹೋಗಿ ಬಂದು ಆಗುವಷ್ಟರಲ್ಲಿ ಎರಡು ಗಂಟೆಯ ಬರಹ ಮಾಯವಾಯಿತು. ಬಾಯಿಂದ ಹೇಳಿ ಬರೆಸೋಣವೆಂದರೆ ಅಲ್ಲಿಯ ಗಾಳಿ ನಮಗಿಂತ ಹೆಚ್ಚು ಮಾತಾಡುತ್ತದೆ.

ತಾರೀಖಿನ ತೊಡಕು ನಿಮಗೆ ಬಾರದು, ನನಗೆ ಬಂದಿತ್ತು. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. ರಾತ್ರಿ ಒಂದು ಗಂಟೆಗೆ ಡೇರೆಯ ಬಟ್ಟೆಯ ಮೇಲೆ ಬಿಸಿಲು ಬಿದ್ದಿರುವಾಗ 'ಇವತ್ತು' ಎಂದರೆ ಯಾವುದು ಎಂದು ತೋಚದೆ, ಮಲಗಿ ಎದ್ದರೆ ಹೊಸ ದಿನ ಎಂದು ಲೆಕ್ಕ ಹಾಕಿಕೊಂಡೆ. ಜಾಲತಾಣವೋ ಭಾರತದ ಕಾಲಮಾನ ಹಿಡಿದುಕೊಂಡು ಎಲ್ಲದಕ್ಕೂ ಮರುದಿನದ ತಾರೀಖು ಒತ್ತುತ್ತಿತ್ತು. ಹೊರಡುವ ಮೊದಲೇ ಅದನ್ನು ನಾರ್ವೆಯ ಕಾಲಮಾನಕ್ಕೆ ಬದಲಿಸಿಕೊಳ್ಳಿ.

ಊರಿನ ಹೆಸರುಗಳನ್ನು ಕೇಳಿದಂತೆ ಕನ್ನಡದಲ್ಲಿ ಬರೆಯಿರಿ, ಅವರ ಕಾಗುಣಿತವನ್ನು ಪುಟದ ಕೊನೆಗೆ ಒಮ್ಮೆ ಕೊಟ್ಟರೆ ಸಾಕು. ಲೋಫೋಟೆನ್‌ನ ಹೆದ್ದಾರಿ ಮುಗಿಯುವ ಕೊನೆಯ ಹಳ್ಳಿಯ ಹೆಸರು ಒಂದೇ ಅಕ್ಷರ, ಅದು ಅವರ ವರ್ಣಮಾಲೆಯ ಕಟ್ಟಕಡೆಯ ಅಕ್ಷರವೂ ಹೌದು. ಉಚ್ಚಾರ ಹೆಚ್ಚುಕಡಿಮೆ ನಮ್ಮ 'ಓ'. ಕನ್ನಡದಲ್ಲೂ ಒಂದೇ ಅಕ್ಷರದಲ್ಲಿ ಮುಗಿಯಿತಲ್ಲ ಎಂದು ನನಗೆ ಆದ ಸಂತೋಷವನ್ನು ಅಲ್ಲಿ ಯಾರಿಗೂ ವಿವರಿಸಲಾಗಲಿಲ್ಲ. ದಿನಚರಿ ಇದ್ದದ್ದರಿಂದ ಬಚಾವಾದೆ.

ಇನ್ನೊಂದು ಎಚ್ಚರಿಕೆ. ರೈನೆ ಎಂಬ ಹಳ್ಳಿಯ ಮೇಲೆ 448 ಮೀಟರ್ ಎತ್ತರದ ರೈನೆಬ್ರಿಂಗೆನ್ ಎಂಬ ಬೆಟ್ಟವಿದೆ. ಅಲ್ಲಿಂದ ತೆಗೆದ ಚಿತ್ರಗಳು ಎಲ್ಲೆಡೆ ಹರಡಿ, ಹತ್ತುವವರ ಕಾಲ್ತುಳಿತಕ್ಕೆ ದಾರಿಯೇ ಕುಸಿಯತೊಡಗಿತ್ತು. ಕೊನೆಗೆ ನೇಪಾಳದಿಂದ ಶೆರ್ಪಾಗಳನ್ನು ಕರೆಸಿ ಸುಮಾರು ಎರಡು ಸಾವಿರ ಕಲ್ಲಿನ ಮೆಟ್ಟಿಲು ಹಾಕಿಸಿದರು. ಆ ಬೆಟ್ಟದ ಹೆಸರನ್ನು ಧಾರಾಳವಾಗಿ ಬರೆಯಿರಿ, ಅದಕ್ಕೆ ಮೆಟ್ಟಿಲಿದೆ. ಯಾರೋ ಮೀನುಗಾರರು ಮಾತಿನ ನಡುವೆ ತೋರಿಸಿದ ಸಣ್ಣ ಕೊಲ್ಲಿಯ ಹೆಸರನ್ನು ನಿಮ್ಮ ನೋಟ್‌ಬುಕ್ಕಿನಲ್ಲೇ ಉಳಿಸಿಕೊಳ್ಳಿ.

ಮನೆಯಲ್ಲೇ ಇರುವ ಓದುಗ ಬರೆದದ್ದು:

ನಾನು ಮೈಸೂರಿನ ನಿವೃತ್ತ ನೌಕರ, ಎಲ್ಲಿಗೂ ಹೋದವನಲ್ಲ. ನನ್ನ ಮಗಳು ಫಿನ್ಲೆಂಡಿನಲ್ಲಿ ಒಬ್ಬಳೇ ತಿರುಗುವಾಗ ದಿನವೂ ಬರೆಯುತ್ತಿದ್ದಳು, ಒಂಬತ್ತನೆಯ ದಿನ ಬರಹ ಬರಲಿಲ್ಲ. ನಾನೂ ನನ್ನ ಹೆಂಡತಿಯೂ ರಾತ್ರಿ ಎರಡು ಗಂಟೆಯವರೆಗೆ ಆ ಪುಟವನ್ನು ಮತ್ತೆ ಮತ್ತೆ ತೆರೆಯುತ್ತ ಕುಳಿತಿದ್ದೆವು. ಬೆಳಿಗ್ಗೆ ಫೋನ್ ಬಂದಾಗ ತಿಳಿಯಿತು, ಬರೆಯಲು ಬೇಸರವಾಗಿ ಬೇಗ ಮಲಗಿದ್ದಳಂತೆ. ತಪ್ಪು ಅವಳದ್ದಲ್ಲ, ದಿನವೂ ಬರೆದು ಬರೆದು, ಬರೆಯದ ದಿನ ಏನೋ ಆಗಿದೆ ಎಂಬ ಅರ್ಥವನ್ನು ಅವಳಿಗೆ ತಿಳಿಯದಂತೆಯೇ ನಮಗೆ ಕಲಿಸಿಬಿಟ್ಟಿದ್ದಳು. ಆದ್ದರಿಂದ ತಂಗಿ, ಟ್ರೊನ್‌ಹೈಮ್‌ನವರು ಹೇಳಿದ ಹಾಗೆ ಎರಡನ್ನೂ ಬೇರೆ ಮಾಡಿ. ಅಲ್ಲಿ ಸಂಜೆ ಆರು ಎಂದರೆ ನಿಮ್ಮ ತಿಂಗಳುಗಳಲ್ಲಿ ಇಲ್ಲಿ ರಾತ್ರಿ ಒಂಬತ್ತೂವರೆ. ಆ ಹೊತ್ತಿಗೆ ಅಮ್ಮನಿಗೆ ವಾಟ್ಸ್‌ಆ್ಯಪ್‌ನಲ್ಲಿ "ತಲುಪಿದೆ, ಊಟ ಆಯಿತು" ಎಂಬ ಎರಡು ಮಾತು ಕಳುಹಿಸಿ. ನೆಟ್‌ವರ್ಕ್ ಇಲ್ಲದ ದಿನಗಳು ಯಾವುವು ಎಂದು ಕ್ಯಾಲೆಂಡರಿನ ಮೇಲೆ ಮೊದಲೇ ಗುರುತು ಹಾಕಿಕೊಟ್ಟು ಹೋಗಿ.

ಓದುಗನಾಗಿ ಒಂದು ಬೇಡಿಕೆ: ಫ್ಯೋರ್ಡ್ (ಬೆಟ್ಟಗಳ ನಡುವೆ ಒಳನುಗ್ಗಿದ ಕಡಲಿನ ಕವಲು) ಎಷ್ಟು ಆಳವಿದೆ ಎಂಬುದು ನನಗೆ ಬೇರೆ ಕಡೆಯೂ ಸಿಗುತ್ತದೆ. ಅಂಗಡಿಯಲ್ಲಿ ಒಂದು ಕಟ್ಟು ಕೊತ್ತಂಬರಿಗೆ ಎಷ್ಟು ಕೊಟ್ಟಿರಿ ಎಂಬುದನ್ನು ಬರೆಯಿರಿ.

ಘಟ್ಟದ ಮೇಲಿನವಳು ಬರೆದದ್ದು:

ಎಲ್ಲರಿಗೂ ಕೃತಜ್ಞತೆಗಳು. ಒಂಬತ್ತೂವರೆಯ ಸಂದೇಶಕ್ಕೆ ಅಮ್ಮ ಒಪ್ಪಿದ್ದಾರೆ; ಬರಹ ಎರಡು ದಿನ ತಡವಾಗಿ ಬರುತ್ತದೆ ಎಂದಾಗ, "ಪೇಪರೂ ಮೊದಲೆಲ್ಲ ನಮ್ಮೂರಿಗೆ ಮರುದಿನವೇ ಬರುತ್ತಿತ್ತು" ಎಂದರು. ಇನ್ನೆರಡು ಸಂದೇಹ ಉಳಿದಿವೆ. ದಾರಿಯಲ್ಲಿ ಸಿಕ್ಕವರ ಚಿತ್ರವನ್ನು, ಅವರ ಮಾತನ್ನು ಹಾಕಬಹುದೇ? ಬೆಟ್ಟದ ಮನೆಗಳಲ್ಲಿ ಫೋನ್ ಚಾರ್ಜ್ ಮಾಡಲು ಆಗುತ್ತದೆಯೇ?

ಟ್ರೊನ್‌ಹೈಮ್ ವಾಸಿ ಬರೆದದ್ದು:

ಚಿತ್ರದ ವಿಷಯದಲ್ಲಿ ಇಲ್ಲಿ ಕಾನೂನು ಸ್ಪಷ್ಟವಾಗಿದೆ. ಚಿತ್ರದ ಮುಖ್ಯ ವಿಷಯವೇ ಒಬ್ಬ ವ್ಯಕ್ತಿಯಾಗಿದ್ದರೆ, ಅವರ ಒಪ್ಪಿಗೆಯಿಲ್ಲದೆ ಅದನ್ನು ಪ್ರಕಟಿಸುವಂತಿಲ್ಲ. ಪೇಟೆಯ ಬೀದಿಯ ಚಿತ್ರದಲ್ಲಿ ಹತ್ತು ಜನ ನಡೆದು ಹೋಗುತ್ತಿದ್ದರೆ ಅದು ಬೇರೆ ಮಾತು. ಮಕ್ಕಳ ಚಿತ್ರಗಳ ಬಗ್ಗೆ ಜನ ಬಹಳ ಸೂಕ್ಷ್ಮ. ಕಿಂಡರ್‌ಗಾರ್ಟನ್ ಮಕ್ಕಳು ಹಳದಿ ಕವಚ ತೊಟ್ಟು ಸಾಲಾಗಿ ಹೋಗುವುದು ಎಷ್ಟೇ ಚೆಂದ ಕಂಡರೂ ಫೋನನ್ನು ಜೇಬಿನಿಂದ ತೆಗೆಯಬೇಡಿ. ಮಾತಿಗೆ ಸಿಕ್ಕವರನ್ನು ಹೆಸರಿಲ್ಲದೆ ಬರೆಯುವುದು ಲೇಸು. "ಫಿನ್ಸೆಯಲ್ಲಿ ಸಿಕ್ಕ ಅಜ್ಜಿ" ಎಂದರೆ ಕನ್ನಡದ ಓದುಗರಿಗೆ ಅಷ್ಟೇ ಸಾಕು, ಆ ಅಜ್ಜಿಗೂ ತೊಂದರೆಯಿಲ್ಲ.

ಸಿಬ್ಬಂದಿಯಿರುವ ಬೆಟ್ಟದ ಮನೆಗಳಲ್ಲಿ ಚಾರ್ಜ್ ಮಾಡಿಕೊಳ್ಳಬಹುದು, ಆದರೆ ಸಂಜೆ ಪ್ಲಗ್ಗಿನ ಮುಂದೆ ಸರದಿ ಇರುತ್ತದೆ. ಸಿಬ್ಬಂದಿಯಿಲ್ಲದವುಗಳಲ್ಲಿ ವಿದ್ಯುತ್ ಇರುವುದಿಲ್ಲವೆಂದೇ ಎಣಿಸಿ, ಪವರ್‌ಬ್ಯಾಂಕ್ ಒಯ್ಯಿರಿ. ವಿಮಾನದಲ್ಲಿ ಅದು ಕೈಚೀಲದಲ್ಲೇ ಇರಬೇಕು. ಚಳಿಗೆ ಬ್ಯಾಟರಿ ಬೇಗ ಕುಸಿಯುವುದರಿಂದ ಹಗಲು ಫೋನನ್ನು ಒಳಜೇಬಿನಲ್ಲಿ ಮೈಗೆ ತಾಗುವಂತೆ, ರಾತ್ರಿ ಮಲಗುವ ಚೀಲದೊಳಗೆ ಕಾಲ ಬಳಿ ಇಟ್ಟುಕೊಳ್ಳಿ. ಫಿನ್ಸೆಯಿಂದ ಉತ್ತರಕ್ಕೆ ನಡೆಯುವುದಾದರೆ ಆಗಸ್ಟ್ ಕೊನೆಗೂ ದಾರಿಯಲ್ಲಿ ಹಿಮದ ತುಣುಕುಗಳು ಸಿಗುತ್ತವೆ, ಬೂಟು ಒಳ್ಳೆಯದಿರಲಿ.

ಅಲೆಮಾರಿ ಅಂಚೆ ಬರೆದದ್ದು:

ಕೊತ್ತಂಬರಿ ಅಲ್ಲಿ ಕಟ್ಟಿನಲ್ಲಲ್ಲ, ಸಣ್ಣ ಕುಂಡದಲ್ಲಿ ಬೇರುಸಹಿತ ಸಿಗುತ್ತದೆ. ನಾನೊಂದು ಕೊಂಡು ಡೇರೆಯ ಬಾಗಿಲಲ್ಲಿಟ್ಟು ನಾಲ್ಕು ದಿನ ಅದಕ್ಕೆ ನೀರು ಹಾಕಿದ್ದೆ.