ಪೀರ್ ಸಪೋರ್ಟ್ ಕೆಲಸದಲ್ಲಿರುವವರೇ, ಉಳಿಸಿದ 40,000 ರೂಪಾಯಿಯನ್ನು ಕೋರ್ಸಿಗೆ ಕಟ್ಟಲೇ, ಓಡಾಟಕ್ಕೆ ಇಟ್ಟುಕೊಳ್ಳಲೇ?

ಹಾಸನದಿಂದ, ಪ್ರಶ್ನೆ ಕೇಳಿದವರು

ನನಗೆ ಬೈಪೋಲಾರ್ ಕಾಯಿಲೆಯಿದೆ. ನಾಲ್ಕು ವರ್ಷಗಳಿಂದ ಆಸ್ಪತ್ರೆ ಸೇರುವ ಸ್ಥಿತಿ ಬಂದಿಲ್ಲ. ಎಂಟು ತಿಂಗಳಿಂದ ಒಂದು ಡೇ ಕೇರ್ ಕೇಂದ್ರದಲ್ಲಿ ತಿಂಗಳಿಗೆ 6,000 ರೂಪಾಯಿ ಗೌರವಧನಕ್ಕೆ ಪೀರ್ ಸಪೋರ್ಟ್ ಕೆಲಸ, ಅಂದರೆ ಮಾನಸಿಕ ಕಾಯಿಲೆಯನ್ನು ಸ್ವತಃ ಅನುಭವಿಸಿದವರು ಅಂಥದೇ ಕಾಯಿಲೆಯುಳ್ಳ ಇತರರಿಗೆ ಜೊತೆಯಾಗುವ ಕೆಲಸ, ಮಾಡುತ್ತಿದ್ದೇನೆ. ಕೈಯಲ್ಲಿರುವ ಉಳಿತಾಯದಲ್ಲಿ ಕೌನ್ಸೆಲಿಂಗ್ ಡಿಪ್ಲೊಮಾಗೆ ಸೇರಲೇ, ಅಥವಾ ಬೆಂಗಳೂರಿನ ಸಭೆ, ಕಾರ್ಯಾಗಾರಗಳಿಗೆ ಹೋಗಿ ಇದೇ ಕೆಲಸದಲ್ಲಿರುವವರ ಪರಿಚಯ ಮಾಡಿಕೊಳ್ಳಲೇ? ಶುಲ್ಕ ಕಟ್ಟಲು ಈ ತಿಂಗಳ 28 ಕೊನೆಯ ದಿನ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಧಾರವಾಡದಿಂದ

ನಾನು ಡಿಪ್ಲೊಮಾ ಮಾಡಿದವಳು. ಶುಲ್ಕ 32,000, ಪರೀಕ್ಷಾ ಶುಲ್ಕ 2,500, ಎರಡು ಸಲ ಸಂಪರ್ಕ ತರಗತಿಗೆ ಹೋಗಿ ಲಾಡ್ಜಿನಲ್ಲಿ ಉಳಿದದ್ದಕ್ಕೆ 7,400, ಪ್ರಾಜೆಕ್ಟ್ ವರದಿಯನ್ನು ತಿದ್ದಿ ತಿದ್ದಿ ಮೂರು ಸಲ ಬೈಂಡ್ ಮಾಡಿಸಿದ್ದಕ್ಕೆ 1,350. ಒಟ್ಟು 43,250 ರೂಪಾಯಿ. ಪರೀಕ್ಷೆಯ ವಾರ ರಾತ್ರಿ ಎರಡರವರೆಗೆ ಓದಿದ್ದರಿಂದ ನಿದ್ದೆ ಕೆಟ್ಟು, ಮೂರು ವರ್ಷ ಅಲುಗಾಡದಿದ್ದ ನನ್ನ ಲಿಥಿಯಂ ಮಾತ್ರೆಯ ಪ್ರಮಾಣವನ್ನು ವೈದ್ಯರು ಹೆಚ್ಚಿಸಬೇಕಾಯಿತು, ಹನ್ನೊಂದು ದಿನದ ಗೌರವಧನವೂ ಹೋಯಿತು. ಪ್ರಮಾಣಪತ್ರ ಒಯ್ದು ತೋರಿಸಿದಾಗ, ಕೌನ್ಸೆಲರ್ ಹುದ್ದೆಗೆ ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಬೇಕು ಎಂದರು. ಇಂದಿಗೂ ನನ್ನ ಗುರುತಿನ ಚೀಟಿಯಲ್ಲಿ ‘ಸ್ವಯಂಸೇವಕಿ’ ಎಂದೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ವೃತ್ತಿಪರರಾಗಿ ನೋಂದಣಿಯಾಗುವವರು ಕ್ಲಿನಿಕಲ್ ಸೈಕಾಲಜಿಸ್ಟರು, ಮಾನಸಿಕ ಆರೋಗ್ಯ ನರ್ಸ್‌ಗಳು ಮತ್ತು ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್‌ಗಳು; ಆ ಸಾಲಿನಲ್ಲಿ ನಾವಿಲ್ಲ.

ಆದರೂ ಒಂದು ಮಾತು ಹೇಳಬೇಕು. ಮೂರು ವಾರ ಯಾರೊಡನೆಯೂ ಬಾಯಿಬಿಡದಿದ್ದ ಹುಡುಗನೊಬ್ಬನಿಗೆ ಚಹಾ ಕೊಡಲು ಹೋದಾಗ ಲಿಥಿಯಂನಿಂದಾಗಿ ನನ್ನ ಬೆರಳು ನಡುಗಿ ಚಹಾ ಬಸಿಗೆ ಚೆಲ್ಲಿತು. ಅವನು ಬಸಿಯನ್ನೇ ನೋಡುತ್ತ, ‘ಅಕ್ಕಾರ, ನಿಮಗೂ ಕೈ ನಡಗ್ತಾವೇನ್ರಿ?’ ಎಂದ. ಆಮೇಲೆ ಒಂದು ಗಂಟೆ ಮಾತಾಡಿದ. ಅವನು ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ, ಉಪದೇಶ ಮಾಡದೆ ಕೇಳಲು ನನಗೆ ಬಂದದ್ದು ಆ ಡಿಪ್ಲೊಮಾದಿಂದಲೇ.

ಮೈಸೂರಿನಿಂದ

ಮೇಲಿನವರ ನಷ್ಟ ಕಂಡು ಮರುಕವಾಗುತ್ತದೆ, ಆದರೆ ಕೋರ್ಸಿಗೆ ನಾನು ಒಂದು ರೂಪಾಯಿಯನ್ನೂ ಹಾಕಲಿಲ್ಲ. ಸಮಾನ ಅನುಭವವಿರುವ ಇಬ್ಬರ ನಡುವಿನ ಬೆಂಬಲ ಹೇಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕ್ವಾಲಿಟಿರೈಟ್ಸ್ ಹೆಸರಿನಡಿ ಹೊರತಂದ ಕೈಪಿಡಿ ಉಚಿತವಾಗಿ ಸಿಗುತ್ತದೆ. ಅದರ ಮುಖ್ಯ ಅಂಶಗಳನ್ನು ಕನ್ನಡದಲ್ಲಿ ಬರೆದುಕೊಂಡ ನೋಟ್‌ಬುಕ್ಕೇ ನನ್ನ ಪಠ್ಯ. ಹದಿನಾಲ್ಕು ತಿಂಗಳು, ಪ್ರತಿ ತಿಂಗಳ ಎರಡನೇ ಶನಿವಾರ ಬೆಂಗಳೂರಿನ ಸಭೆಗೆ ಹೋದೆ. ರೈಲು, ಮೆಜೆಸ್ಟಿಕ್‌ನಿಂದ ಬಸ್ಸು, ಊಟ ಸೇರಿ ಒಂದು ಸಲಕ್ಕೆ 480, ಒಟ್ಟು 6,720 ರೂಪಾಯಿ. ಪ್ರೆಸ್ಸಿನ ದಿನಗೂಲಿ 450ರಂತೆ ಕಳೆದುಕೊಂಡದ್ದು ಇನ್ನೊಂದು 6,300. ಮೊದಲ ಐದು ಸಭೆಗಳಲ್ಲಿ ಯಾರೂ ನನ್ನನ್ನು ಮಾತಾಡಿಸಲಿಲ್ಲ. ಆರನೆಯದರಲ್ಲಿ ಪಕ್ಕ ಕುಳಿತ ನರ್ಸ್ ಒಬ್ಬರು ನನ್ನ ನೋಟ್‌ಬುಕ್ ತಿರುವಿ ನೋಡಿ ಫೋನ್ ನಂಬರ್ ಬರೆದುಕೊಂಡರು. ಅವರ ಕರೆಯಿಂದಲೇ ಈಗಿನ 11,500 ರೂಪಾಯಿ ಸಂಬಳದ ಕೆಲಸ ಸಿಕ್ಕಿತು.

ಧಾರವಾಡದಿಂದ

ನಾನು ಮರುಕ ಕೇಳಲಿಲ್ಲ, ಲೆಕ್ಕ ಕೊಟ್ಟೆ. ನೀವು ರಾತ್ರಿ ರೈಲಿಗೆ ಊರು ಸೇರಬಲ್ಲಿರಿ. ಒಂಬತ್ತಕ್ಕೆ ಮಾತ್ರೆ ನುಂಗಿ ಮಲಗಲೇಬೇಕಾದ, ಒಬ್ಬಳೇ ಓಡಾಡುವ ಹೆಂಗಸಿಗೆ ಧಾರವಾಡದಿಂದ ಬೆಂಗಳೂರಿನ ಒಂದು ಸಭೆಯೆಂದರೆ ಎರಡು ರಾತ್ರಿಯ ನಿದ್ದೆ. ಪರಿಚಯ ಬೆಳೆಸಿ ಎಂದು ಎಲ್ಲರಿಗೂ ಒಂದೇ ಮಾತು ಹೇಳುವ ಮೊದಲು ಇದನ್ನೂ ಯೋಚಿಸಬೇಕಿತ್ತು.

ಶಿವಮೊಗ್ಗದಿಂದ, ತಾಯಿ

ನನ್ನ ಮಗನಿಗೆ ಹದಿನೇಳು ವರ್ಷಗಳಿಂದ ಸ್ಕಿಜೋಫ್ರೇನಿಯಾ ಇದೆ. ಕ್ಲೋಜಪಿನ್ ಎಂಬ ಮಾತ್ರೆ ಆರಂಭಿಸಿದಾಗ ಹದಿನೆಂಟು ವಾರ, ವಾರಕ್ಕೊಮ್ಮೆ ರಕ್ತಪರೀಕ್ಷೆಗೆ ಕೈಹಿಡಿದು ಕರೆದೊಯ್ದವಳು ನಾನು. ಈಗ ಹೊಸದಾಗಿ ಬರುವ ತಾಯಂದಿರ ಜೊತೆ ಕೂರುತ್ತೇನೆ. ಒಂದು ತರಬೇತಿಗೆ ಅರ್ಜಿ ಹಾಕಿದಾಗ ‘ನಿಮಗೆ ಸ್ವಂತ ಕಾಯಿಲೆ ಇಲ್ಲವಲ್ಲ’ ಎಂದು ವಾಪಸ್ ಕಳಿಸಿದರು. ಕಾಯಿಲೆಯುಳ್ಳವರ ಹಕ್ಕುಗಳ ದೂರು ವಿಚಾರಿಸುವ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಸದಸ್ಯತ್ವದ ವಿಷಯದಲ್ಲಿ ಅದೇ 2017ರ ಕಾಯ್ದೆ ಕಾಯಿಲೆಯುಳ್ಳವರನ್ನೂ ಆರೈಕೆದಾರರನ್ನೂ ಒಂದೇ ಸಾಲಿನಲ್ಲಿ ಹೆಸರಿಸಿದೆ. ಹಾಗಿರುವಾಗ ತರಬೇತಿಯ ಬಾಗಿಲಲ್ಲಿ ನಮ್ಮನ್ನೇಕೆ ತಡೆಯುತ್ತೀರಿ?

ಮೈಸೂರಿನಿಂದ

ಅಮ್ಮಾ, ತಡೆದದ್ದು ಸರಿಯೆಂದೇ ನನ್ನ ಅಭಿಪ್ರಾಯ. ನನ್ನನ್ನು ವಾರ್ಡಿಗೆ ಸೇರಿಸಿದಾಗ ಅಣ್ಣ ಸಹಿ ಹಾಕಿದರು, ವೈದ್ಯರು ಅಣ್ಣನೊಡನೆ ಮಾತಾಡಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಚಿಕಿತ್ಸೆಯ ನಿರ್ಧಾರಗಳಲ್ಲಿ ನನಗೆ ನೆರವಾಗುವ ನಾಮನಿರ್ದೇಶಿತ ಪ್ರತಿನಿಧಿಯನ್ನು ನಾನೇ ಆರಿಸಿಕೊಳ್ಳಬಹುದು ಎಂಬ ಹಕ್ಕು ಆಮೇಲೆ ಬಂತು. ಆರೈಕೆದಾರರ ಅನುಭವ ದೊಡ್ಡದೇ, ಆದರೆ ಅದು ಬೀಗದ ಹೊರಗಿನದು.

ಶಿವಮೊಗ್ಗದಿಂದ, ತಾಯಿ

ಆ ಬೀಗದ ಹೊರಗೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಇಪ್ಪತ್ಮೂರು ರಾತ್ರಿ ಕಳೆದಿದ್ದೇನಪ್ಪ. ನಿಮ್ಮ ಕೆಲಸ ನನಗೆ ಬೇಡ. ನನ್ನಂಥ ತಾಯಿಯೊಬ್ಬಳ ಜೊತೆ ಹೇಗೆ ಕೂರಬೇಕು, ಏನು ಹೇಳಬಾರದು ಎಂಬುದನ್ನು ನನಗೂ ಯಾರಾದರೂ ಕಲಿಸಲಿ ಎಂದಷ್ಟೇ ಕೇಳಿದೆ.

ಇಂಗ್ಲೆಂಡಿನಿಂದ, ದಾವಣಗೆರೆ ಮೂಲದವರು

ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯಾದ ಎನ್.ಎಚ್.ಎಸ್.ನಲ್ಲಿ ನಮ್ಮ ಕೆಲಸಕ್ಕೆ ಹುದ್ದೆಯಿದೆ, ಅದಕ್ಕೆ ಬೇಕಾದ ಸಾಮರ್ಥ್ಯಗಳನ್ನು ಹೇಳುವ, 2020ರಲ್ಲಿ ಪ್ರಕಟವಾದ ಚೌಕಟ್ಟೂ ಇದೆ. ಆದರೂ ಆರು ವರ್ಷಗಳಿಂದ ನಾನು ಸಂಬಳದ ಕೆಳಗಿನ ದರ್ಜೆಗಳಲ್ಲೊಂದಾದ ಬ್ಯಾಂಡ್ 3ರಲ್ಲೇ ಇದ್ದೇನೆ, ಜೊತೆಗೆ ಸೇರಿದ ಇಬ್ಬರು ಬೇಸತ್ತು ನರ್ಸಿಂಗ್ ಓದಲು ಹೋದರು. ನನ್ನನ್ನು ಉಳಿಸಿದ್ದು ಸೂಪರ್‌ವಿಷನ್. ನಾಲ್ಕು ವಾರಕ್ಕೊಮ್ಮೆ ಹಿರಿಯ ಪೀರ್ ವರ್ಕರ್ ಎದುರು ಕುಳಿತು, ಯಾರ ಮಾತು ನನ್ನ ಹಳೆಯ ಗಾಯವನ್ನು ಕೆದಕಿತು ಎಂದು ಹೇಳಿಕೊಳ್ಳುತ್ತೇನೆ. ಅಂಥ ಒಬ್ಬರಿಲ್ಲದೆ ಈ ಕೆಲಸವನ್ನು ಬಹಳ ಕಾಲ ಮಾಡಲಾಗದು ಎಂಬುದು ನನ್ನ ಅನುಭವ.

ಧಾರವಾಡದಿಂದ

ಹಾಸನದವರೇ, ನಾನು ಕೇಳದೇ ಬಿಟ್ಟ ಪ್ರಶ್ನೆಯನ್ನು ನೀವು ಕೇಳಿ: ಈ ಪ್ರಮಾಣಪತ್ರ ತಂದರೆ ಹುದ್ದೆಯ ಹೆಸರು ಮತ್ತು ಗೌರವಧನ ಬದಲಾಗುತ್ತವೆಯೇ ಎಂದು ಕೇಂದ್ರದಿಂದ ಬರವಣಿಗೆಯಲ್ಲಿ ಉತ್ತರ ಪಡೆದ ಮೇಲೆಯೇ ಹಣ ಕಟ್ಟಿ.

ಹಾಸನದಿಂದ, ಪ್ರಶ್ನೆ ಕೇಳಿದವರು

ಇಂದು ಬೆಳಿಗ್ಗೆ ಪತ್ರ ಕೊಟ್ಟೆ. ಸಮಿತಿಯ ಮುಂದಿಡುತ್ತೇವೆ ಎಂದಿದ್ದಾರೆ. ಶಿವಮೊಗ್ಗದ ಅಮ್ಮನವರೇ, ನಮ್ಮ ಕೇಂದ್ರಕ್ಕೆ ಬರುವ ತಾಯಿಯೊಬ್ಬರು ಮಗನ ಕ್ಲೋಜಪಿನ್ ರಕ್ತಪರೀಕ್ಷೆಗೆ ತುಂಬಾ ಹೆದರಿದ್ದಾರೆ, ಅವರನ್ನು ನಿಮ್ಮೊಡನೆ ಮಾತಾಡಿಸಬಹುದೇ? ಮೈಸೂರಿನವರೇ, ಎರಡನೇ ಶನಿವಾರದ ಸಭೆ ಎಷ್ಟು ಗಂಟೆಗೆ ಮುಗಿಯುತ್ತದೆ? ರಾತ್ರಿಯ ಮಾತ್ರೆಯ ಹೊತ್ತಿಗೆ ನಾನು ಹಾಸನ ತಲುಪಿರಬೇಕು.