ಗ್ರೀಸ್‌ನ ದಿಮಿತ್ಸಾನಾ ಹಳ್ಳಿಗೆ ಅರ್ಧ ದಿನ ಸಾಕಾ?

ಹಾಸನದ_ಅಲೆಮಾರಿ:
ಅಕ್ಟೋಬರ್‌ನಲ್ಲಿ ಅಪ್ಪ ಅಮ್ಮನ ಜೊತೆ ಗ್ರೀಸ್‌ಗೆ ಹೊರಟಿದ್ದೇವೆ. ದ್ವೀಪಗಳು ಬೇಡ, ಬೆಟ್ಟದ ಊರು ನೋಡಬೇಕು ಅಂತ ಅಮ್ಮನ ಆಸೆ. ಅರ್ಕೇಡಿಯಾ ಪ್ರಾಂತ್ಯದ ದಿಮಿತ್ಸಾನಾ ಚೆನ್ನಾಗಿದೆಯಂತೆ. ಒಲಿಂಪಿಯಾಕ್ಕೆ ಹೋಗುವಾಗ ಅರ್ಧ ದಿನ ನಿಂತರೆ ಸಾಕಾ? ಅಪ್ಪನಿಗೆ ಮಂಡಿ ನೋವಿದೆ.

ನೀರುದಾರಿ:
ಸಾಲದು. ದಯವಿಟ್ಟು ಒಂದು ರಾತ್ರಿ ಉಳಿಯಿರಿ. ಊರಿನ ಹೊರಗಿರುವ ಜಲಶಕ್ತಿ ಮ್ಯೂಸಿಯಂಗೆ ಮೊದಲು ಹೋಗಿ. 1997ರಲ್ಲಿ ಶುರುವಾಗಿದ್ದು, ಬಯಲಲ್ಲೇ ಇದೆ. ಹಳೆಯ ಯಂತ್ರಗಳನ್ನು ಗಾಜಿನೊಳಗೆ ಇಟ್ಟಿಲ್ಲ, ನೀರು ಬಿಟ್ಟು ಓಡಿಸಿ ತೋರಿಸುತ್ತಾರೆ. ಮರದ ದೊಡ್ಡ ತೊಟ್ಟಿಯೊಳಗೆ ಮೇಲಿನಿಂದ ರಭಸವಾಗಿ ನೀರು ಬೀಳುತ್ತದೆ, ಉಣ್ಣೆಯ ಕಂಬಳಿಗಳು ಅದರಲ್ಲಿ ಗಿರಗಿರ ತಿರುಗಿ ಕೊಳೆ ಬಿಟ್ಟು ಮೆತ್ತಗಾಗುತ್ತವೆ, ಸೋಪು ಗೀಪು ಏನೂ ಬೇಡ. ಹಿಟ್ಟಿನ ಗಿರಣಿ, ಚರ್ಮ ಹದ ಮಾಡುವ ಜಾಗ ಕೂಡ ಇವೆ. ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಕೋವಿಮದ್ದಿನ ಗಿರಣಿ. ನೀರಿನ ಚಕ್ರ ತಿರುಗಿದಂತೆ ಒನಕೆಗಳು ಒಂದೊಂದಾಗಿ ಎದ್ದು ಬೀಳುತ್ತವೆ. ಇದ್ದಿಲು, ಗಂಧಕ, ಪೆಟ್ಲುಪ್ಪು ಸೇರಿಸಿ ಹೀಗೇ ಕುಟ್ಟುತ್ತಿದ್ದರು. 1821ರಲ್ಲಿ ಒಟ್ಟೋಮನ್ನರ ವಿರುದ್ಧ ಗ್ರೀಕರು ದಂಗೆ ಎದ್ದಾಗ ಇಲ್ಲಿನ 14 ಗಿರಣಿಗಳು ಮದ್ದು ಒದಗಿಸಿದವು.

ಪುಸ್ತಕದ_ಹುಳು:
ಲೈಬ್ರರಿ ಬಿಡಬೇಡಿ! 1764ರಲ್ಲಿ ಈ ಊರಲ್ಲಿ ದೊಡ್ಡ ಶಾಲೆ ಶುರುವಾಯಿತು, ಅದರ ಜೊತೆಗೇ ಪುಸ್ತಕಗಳೂ ಸೇರಿದವು. ಯುದ್ಧದಲ್ಲಿ ಬಂದೂಕಿನ ತೋಟಾ ಸುತ್ತಲು ಕಾಗದ ಇರಲಿಲ್ಲ. ಎಷ್ಟೋ ಪುಸ್ತಕಗಳ ಹಾಳೆ ಕಿತ್ತು ಅದಕ್ಕೇ ಕೊಟ್ಟರು. ಮದ್ದೂ ಈ ಊರಿನದೇ, ಅದನ್ನು ಸುತ್ತಿದ ಕಾಗದವೂ ಈ ಊರಿನದೇ. ಉಳಿದ ಪುಸ್ತಕಗಳನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ, ಆದರೆ ಅವರನ್ನು ಬೈಯಲು ಮನಸ್ಸು ಬರುವುದಿಲ್ಲ. 1821ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಗಲ್ಲಿಗೇರಿಸಿದ ಧರ್ಮಗುರು ಐದನೇ ಗ್ರೆಗರಿ ಕೂಡ ಇಲ್ಲೇ ಹುಟ್ಟಿದವರು.

ಕಾರು_ಕೈಲಿದೆ:
ಅಪ್ಪನ ಮಂಡಿ ವಿಷಯ. ಊರಿನ ಓಣಿಗಳು ಕಲ್ಲು ಹಾಸಿದ ಏರು, ಕಾರು ಆದಷ್ಟು ಮೇಲೆ ನಿಲ್ಲಿಸಿ. ಕೆಳಗೆ ಲೂಸಿಯೋಸ್ ನದಿಯ ಕಣಿವೆ ಇದೆ. ಬಂಡೆಗೆ ಅಂಟಿಕೊಂಡೇ ಕಟ್ಟಿದ ಪ್ರೊದ್ರೋಮೋಸ್ ಮಠ ಅದ್ಭುತ, ಆದರೆ ಕೊನೆಯ ದಾರಿ ನಡೆದೇ ಇಳಿಯಬೇಕು, ವಾಪಸ್ ಹತ್ತಬೇಕು. ಅಪ್ಪ ಅಮ್ಮನನ್ನು ಊರಿನ ಕಾಫಿ ಅಂಗಡಿಯಲ್ಲಿ ಕೂರಿಸಿ ನೀವೊಬ್ಬರೇ ಹೋಗಿಬನ್ನಿ. ಬೆಳ್ಳಿ ಕೆಲಸಕ್ಕೆ ಹೆಸರಾದ ಸ್ತೆಮ್‌ನಿತ್ಸಾ ಪಕ್ಕದ್ದೇ ಊರು, ಅಲ್ಲಿಗೆ ಎಲ್ಲರೂ ಹೋಗಬಹುದು. ಇನ್ನೊಂದು, ಮಂಗಳವಾರ ಜಲಶಕ್ತಿ ಮ್ಯೂಸಿಯಂಗೆ ರಜೆ.

ಹಾಸನದ_ಅಲೆಮಾರಿ:
ಮಂಗಳವಾರವೇ ಹೋಗುವ ಪ್ಲಾನ್ ಇತ್ತು! ಬುಧವಾರಕ್ಕೆ ಹಾಕಿ ರಾತ್ರಿ ಅಲ್ಲೇ ಉಳಿಯುತ್ತೇವೆ. ಕಂಬಳಿ ತೊಟ್ಟಿಯ ವಿಷಯ ಕೇಳಿ ಅಮ್ಮ ಈಗಲೇ ಹೊರಡೋಣ ಅಂತಿದ್ದಾರೆ. ಎಲ್ಲರಿಗೂ ಥ್ಯಾಂಕ್ಸ್.